ಕೈ ನಿಂತರೆ ನಿಲ್ಲಬೇಕು

ಎಂಬತ್ತರ ದಶಕದ ಕೊನೆ. ನನ್ನದು ಎಂಜಿನಿಯರಿಂಗಿನ ಕೊನೇ ವರ್ಷ. ಕಂಪ್ಯೂಟರನ್ನು ಮುಟ್ಟದೆ ಆಡಿಸುವ ಪ್ರಾಜೆಕ್ಟ್ ಹಿಡಿದಿದ್ದೆ. ಮೇಜಿನ ಮೇಲೊಂದು ದೀಪ, ಅದರ ಕೆಳಗೆ ಬೆಳಕನ್ನು ಗುರುತಿಸುವ ಎರಡು ಪುಟ್ಟ ಬಿಲ್ಲೆ. ಎಡದ ಬಿಲ್ಲೆಯ ಮೇಲೆ ಕೈಯ ನೆರಳು ಬಿದ್ದರೆ ಪರದೆಯ ಮೇಲಿನ ಚೌಕ ಎಡಕ್ಕೆ ಓಡುತ್ತಿತ್ತು, ಬಲದ್ದರ ಮೇಲೆ ಬಿದ್ದರೆ ಬಲಕ್ಕೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನಾನೂ ಸಿಕ್ಕಸಿಕ್ಕವರನ್ನೆಲ್ಲ ಲ್ಯಾಬಿಗೆ ಎಳೆದು ತೋರಿಸುತ್ತಿದ್ದೆ.

ಪ್ರಾಜೆಕ್ಟ್ ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ಅಪ್ಪ ಲ್ಯಾಬಿಗೆ ಬಂದ. ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಕ್ರೇನಿಗೆ ಕೈಸನ್ನೆ ಮಾಡುವುದು ಅವನ ಕೆಲಸ. ಮೆಷಿನ್ ಸದ್ದಿನಲ್ಲಿ ಕೂಗಿದರೆ ಯಾರಿಗೂ ಕೇಳಿಸದು. ಮೇಲೆ ಕೂತ ಆಪರೇಟರ್ ಅಪ್ಪನ ಕೈಯನ್ನೇ ನೋಡಿಕೊಂಡು ಕಬ್ಬಿಣ ಎತ್ತುತ್ತಿದ್ದ, ಇಳಿಸುತ್ತಿದ್ದ.

"ಮುಟ್ಟೋದೇ ಬೇಡ್ವಾ?" ಅಪ್ಪ ಬಗ್ಗಿ ನೋಡಿ ಕೈ ಚಾಚಿದ. ಚೌಕ ಓಡಿತು. ನಿಲ್ಲಿಸಲೆಂದು ಅಂಗೈಯನ್ನು ಅಲ್ಲಾಡಿಸದೆ ಹಿಡಿದ. ಚೌಕ ಮಾತ್ರ ಓಡುತ್ತಲೇ ಹೋಗಿ ಪರದೆಯ ಅಂಚಿಗೆ ಬಡಿಯಿತು.

"ಕೈ ತೆಗಿ ಅಪ್ಪ, ನಿಲ್ಲತ್ತೆ."

"ಕೈ ತೆಗೆದ್ಬಿಟ್ರೆ ಮೇಲಿರೋನು ಏನ್ ನೋಡ್ತಾನೆ? ಕೈ ನಿಂತ್ರೆ ನಿಲ್ಬೇಕು ಕಣೇ. ಕೆಳಗೆ ಜನ ಇರ್ತಾರೆ."

ಇಲ್ಲಿ ಯಾವ ಜನ ಎಂದು ನನಗೆ ರೇಗಿತು. ಈಗ ಕೈಹಾಕಿ ಕೆಡಿಸಿಕೊಂಡರೆ ನಾಳೆ ಫೇಲು. ಆದರೂ ಅಪ್ಪ ಹೋದ ಮೇಲೆ ಕುತೂಹಲ ಬಿಡಲಿಲ್ಲ. ನೆರಳು ಬದಲಾಗುತ್ತಿದ್ದರೆ ಮಾತ್ರ ಚೌಕ ಓಡಲಿ, ನೆರಳು ನಿಂತರೆ ಅದೂ ನಿಲ್ಲಲಿ ಎಂದು ಪ್ರೋಗ್ರಾಂ ತಿದ್ದಿದೆ. ಯಾರ ಕೈಯೂ ಪೂರ್ತಿ ನಿಲ್ಲುವುದಿಲ್ಲ ಎಂಬುದು ಆಗ ಗೊತ್ತಾಯಿತು. ಸಣ್ಣ ನಡುಕವನ್ನು ಕಂಪ್ಯೂಟರ್ ಲೆಕ್ಕಕ್ಕೆ ಹಿಡಿಯದಂತೆ ಮಾಡುವಷ್ಟರಲ್ಲಿ ಲ್ಯಾಬ್ ಮುಚ್ಚುವ ಹೊತ್ತಾಗಿತ್ತು.

ಮರುದಿನ ಪರೀಕ್ಷಕರು ಕೈ ಆಡಿಸಿದರು, ನಿಲ್ಲಿಸಿದರು. ಚೌಕ ನಿಂತಿತು. ಮಕ್ಕಳ ಹಾಗೆ ನಾಲ್ಕೈದು ಸಲ ಮಾಡಿ ನೋಡಿದರು.

"ಕೈ ನಿಂತ್ರೆ ನಿಲ್ಲೋದು ಬಹಳ ಚೆನ್ನಾಗಿದೆಯಮ್ಮ. ಎಲ್ಲಿಂದ ಹೊಳೀತು?"

ಕ್ರೇನಿಗೆ ಕೈ ತೋರಿಸುವ ಅಪ್ಪ ಹೇಳಿದ್ದು ಎನ್ನಲು ನಾಚಿಕೆಯಾಯಿತು. "ಒಂದು ಜರ್ನಲ್‌ನಲ್ಲಿ ಓದಿದ್ದೆ, ಸಾರ್," ಎಂದೆ. ಪಾಸು ಮಾಡಿದರು.

ವಿಜಯನಗರದ ಮನೆಗೆ ಬಂದಾಗ ಅಪ್ಪ ಸೆಕೆಂಡ್ ಶಿಫ್ಟಿಗೆ ಹೊರಡುತ್ತಿದ್ದ.

"ನಿಲ್ತಾ?"

"ನಿಲ್ತು ಅಪ್ಪ. ಪಾಸು."

"ಯಾರು ಹೇಳಿಕೊಟ್ರು ಅಂತ ಕೇಳಿದ್ರಾ?"

"ಇಲ್ಲ," ಎಂದೆ.

"ಒಳ್ಳೇದಾಯ್ತು ಬಿಡು. ನನ್ ಹೆಸ್ರು ಹೇಳಿದ್ರೆ ನಿನ್ನ ನೋಡಿ ನಗ್ತಿದ್ರು," ಎಂದು ಅಪ್ಪ ಬೂಟಿನ ಲೇಸ್ ಕಟ್ಟಿಕೊಂಡ.