ಒಗ್ಗರಣೆ ಇಲ್ಲದ ಅಪ್ಪೆಹುಳಿ

ಇವತ್ತು ಶಿರಸಿಯ ಮನೆಯಲ್ಲಿ ಇಂಗಿನ ಡಬ್ಬಿಗೆ ಕೈ ಹಾಕಿದರೆ, ಅದರ ಹಿಂದೆ ಒಂದು ಪೊಟ್ಟಣ ಸಿಕ್ಕಿತು. ಕರುಳು ತೊಳೆಯುವ ಪುಡಿ. ನೀರಿಗೆ ಹಾಕಿದರೆ ನಿಂಬೆಹಣ್ಣಿನ ವಾಸನೆ ಬರುತ್ತದೆ. ನಿಂಬೆಹಣ್ಣಿಗೂ ಅದಕ್ಕೂ ಅಷ್ಟೇ ನಂಟು. ಮೂರು ತಿಂಗಳ ಹಿಂದೆ ನಾನೇ ತಂದು, ನನ್ನ ಕಣ್ಣಿಗೆ ಬೀಳದಿರಲಿ ಎಂದು ಅಲ್ಲಿಟ್ಟಿದ್ದೆ. ಇಂಗಿನ ವಾಸನೆಯ ಜೊತೆ ಆ ಪೊಟ್ಟಣವೂ ಸಿಕ್ಕಿದ ಮೇಲೆ ಸರಸತ್ತೆ ನೆನಪಾಗದಿದ್ದರೆ ಹೇಗೆ ಹೇಳಿ.

ಸರಸತ್ತೆ ಅಪ್ಪನ ತಂಗಿ. ಯಲ್ಲಾಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಒಳಗೆ ಅಸ್ತರಿನ ಬಟ್ಟೆ ಕೊಟ್ಟು ರವಿಕೆ ಹೊಲಿಯುತ್ತಾಳೆ. ಕೆಲವು ವರ್ಷಗಳ ಹಿಂದೆ ಅವಳಿಗೊಂದು ಜ್ವರ ಬಂತು. ಬಿಡುವುದು, ಮತ್ತೆ ಬರುವುದು. ನಮ್ಮ ಕಡೆ ಜ್ವರಕ್ಕೆ ಮೊದಲು ಕಷಾಯ, ಆಮೇಲೆ ಇನ್ನೊಂದು ಕಷಾಯ, ಆಮೇಲೆ ಕಷಾಯ ಸರಿಯಾಗಿ ಕುದಿಯಲಿಲ್ಲವೆಂಬ ಚರ್ಚೆ. ಅದೆಲ್ಲ ಮುಗಿದ ಮೇಲೆ ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ದೆ. ರಕ್ತದಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತು. ವಾರಗಟ್ಟಲೆ ಔಷಧ ಏರಿಸಿದ ಮೇಲೆ ಜ್ವರ ಬಿಟ್ಟಿತು. ಇನ್ನೇನು ಬಟ್ಟೆಬರೆ ಕಟ್ಟಬೇಕು ಅನ್ನುವಾಗ ಡಾಕ್ಟರು ತಡೆದರು.

“ಜ್ವರ ಹೋತು, ಖರೆ. ಆದ್ರ ಈ ಬ್ಯಾಕ್ಟೀರಿಯಾದ ಮನಿ ಕರುಳಿನಾಗ. ರಕ್ತಕ್ಕ ಹೆಂಗ ಬಂತು? ಕೆಲವರಿಗೆ ದೊಡ್ಡ ಕರುಳಿನಾಗ ಗಂಟು, ಒಮ್ಮೊಮ್ಮೆ ಕ್ಯಾನ್ಸರ್ ಇರ್ತದ, ಅಲ್ಲಿಂದ ದಾರಿ ಮಾಡ್ಕೊಂಡು ಬರ್ತದ. ಎಲ್ಲಾರಿಗೂ ಇರ್ತದಂತಲ್ರಿ. ನೋಡದ ಬಿಡೂದು ಬ್ಯಾಡ.”

ಅತ್ತೆ ನನ್ನ ಕಡೆ ತಿರುಗಿದಳು. “ಹಂಗಾರೆ ಒಳಗಿನ ಅಸ್ತರು ಹರದ್ದು ಹೇಳಿ ಆತು.”

ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡಬೇಕಿತ್ತು. ಹಿಂದಿನ ದಿನ ಊಟವಿಲ್ಲ; ಆ ಪುಡಿಯ ನೀರು, ಜೊತೆಗೆ ತಿಳಿಯಾದದ್ದೇನಾದರೂ ಕುಡಿಯಬಹುದು ಎಂದಿದ್ದರು. ತಿಳಿ ಎಂದರೆ ನಮ್ಮ ಸೀಮೆಯವರಿಗೆ ಇನ್ನೇನು, ಅಪ್ಪೆಹುಳಿ. ಮಾವಿನಕಾಯಿ ಬೇಯಿಸಿ ಹಿಂಡಿದ ಹುಳಿನೀರು. ಲೋಟದ ತಳ ಕಾಣಬೇಕು, ಮೇಲೆ ಇಂಗು ಸಾಸಿವೆಯ ಒಗ್ಗರಣೆ ಘಮ್ಮೆನ್ನಬೇಕು. ಅತ್ತೆ ನಾಲ್ಕು ಲೋಟ ಕುಡಿದಳು. ಬಗ್ಗಿಸಿ ಬಗ್ಗಿಸಿ ಕೊಟ್ಟವನು ನಾನೇ.

ಮರುದಿನ ಡಾಕ್ಟರು ಹೊರಗೆ ಬಂದು, “ಏನ್ ತಿಂದಾರ್ರಿ ಇವರು? ಒಳಗ ಬರೇ ಸಾಸಿವಿ ಕಾಣಾಕತ್ತಾವ. ಮತ್ತೊಮ್ಮೆ ಬರ್ರಿ” ಎಂದರು.

ವಾಪಸು ಬರುವ ಬಸ್ಸು ಕಲಘಟಗಿ ದಾಟಿತು. ಮತ್ತೊಮ್ಮೆ ಹೋಗಲು ಅತ್ತೆ ಒಪ್ಪಲಿಲ್ಲ: “ಇನ್ನು ಆನು ಬತ್ನಿಲ್ಲೆ. ಜ್ವರ ಹೋಯ್ದು. ಹೊಟ್ಟೆ ಒಳಗಿನ ಒಗ್ಗರಣೆ ಊರಿಗೆಲ್ಲ ತೋರ್ಸಿದ್ದು ಸಾಕು.”

ಎರಡು ವಾರ ಬಿಟ್ಟು ಅವಳ ಅಂಗಡಿಗೆ ಹೋದೆ. ಯಾರದೋ ರವಿಕೆಗೆ ಅಸ್ತರು ಕೂಡಿಸುತ್ತಿದ್ದಳು.

“ಅತ್ತೆ, ಅಸ್ತರು ಹರದ ರವಿಕೆ ಬಂದ್ರೆ ಮೇಲಿಂದ ಇಸ್ತ್ರಿ ಹಾಕಿ ಕಳಸ್ತ್ಯ?”

ಮಷೀನು ನಿಂತಿತು. “ನಿಂಗೆ ಮಾತು ಕಲ್ಸಿದ್ದು ಆನೇಯ. ಎಂತ ಮಾಡದು,” ಎಂದಳು. ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿ, “ಬಪ್ಪ ವಾರ ಹೋಪನ. ಒಗ್ಗರಣೆ ಬ್ಯಾಡ.”

ಮುಂದಿನ ವಾರ ಹೋದೆವು. ಈ ಸಲ ಕಂಡಿತು. ಕ್ಯಾನ್ಸರೇ. ಆದರೆ ಕರುಳಿನ ಗೋಡೆ ದಾಟಿರಲಿಲ್ಲ. ಅಷ್ಟು ತುಂಡು ಕತ್ತರಿಸಿ ತೆಗೆದು, ಎರಡು ತುದಿ ಸೇರಿಸಿದರು. ಎಚ್ಚರವಾದ ಮೇಲೆ ಅವಳು ಮೊದಲು ಕೇಳಿದ್ದು, “ಡಬಲ್ ಹೊಲಿಗೆ ಹಾಕಿದ್ವನಾ?”

“ಇದು ಒಮ್ಮೊಮ್ಮೆ ಮನೆತನದಾಗ ಬರ್ತದ, ಮನಿಯವ್ರೂ ಒಮ್ಮೆ ಕರುಳು ನೋಡಿಸ್ಕೊಳ್ರಿ” ಎಂದು ಡಾಕ್ಟರು ಆಗಲೇ ಹೇಳಿದ್ದರು. ನಾನು ಗಂಭೀರವಾಗಿ ತಲೆಯಾಡಿಸಿದ್ದೆ. ತಲೆಯಾಡಿಸಲು ಉಪವಾಸ ಬೇಕಿಲ್ಲವಲ್ಲ. ಈ ವರ್ಷ ಪೊಟ್ಟಣ ತರುವವರೆಗೆ ಬಂದು, ಒಮ್ಮೆ ಉಪನಯನ, ಒಮ್ಮೆ ಯಕ್ಷಗಾನ, ಒಮ್ಮೆ ಏನೂ ಕಾರಣವಿಲ್ಲದೆ ಮುಂದೂಡಿದೆ. ಹೆದರಿಕೆ ಎಂಬ ಪದವನ್ನು ಬಳಸಲಿಲ್ಲ, ಅಷ್ಟೇ.

ಈಗ ಯಲ್ಲಾಪುರಕ್ಕೆ ಫೋನ್ ಮಾಡಿದೆ. ಹಿಂದೆ ಮಷೀನಿನ ಸದ್ದು.

“ಅತ್ತೆ, ಆನು ನಾಡಿದ್ದು ಹುಬ್ಬಳ್ಳಿಗೆ ಹೋಗ್ತೆ.”

ಏಕೆ ಎಂದು ಅವಳು ಕೇಳಲಿಲ್ಲ. “ಆನು ನಾಳೆಯೇ ಬತ್ತೆ.”

“ಎಂತಕ್ಕೆ?”

“ಅಪ್ಪೆಹುಳಿ ಸೋಸಲೆ.”

ಇಂಗಿನ ಡಬ್ಬಿಯನ್ನು ಕಪಾಟಿನ ಹಿಂದಕ್ಕೆ ತಳ್ಳಿದೆ. ಪೊಟ್ಟಣ ಮುಂದೆ ಕುಳಿತಿದೆ.