ಪಟೇಲರ ಮನೆಯ ಹನ್ನೊಂದು ದಿನದ ಕೂಸು

ಲೋಬಾನದ ಹೊಗೆಗೆ ಬಜೆ ತೇಯ್ದ ವಾಸನೆ ಸೇರಿದರೆ ಈಗಲೂ ನನ್ನ ಅಂಗೈ ತಣ್ಣಗಾಗುತ್ತದೆ. ಹೋದ ತಿಂಗಳು ಚನ್ನಗಿರಿಯ ತಮ್ಮನ ಮನೆಗೆ ಹೋಗಿದ್ದೆ. ಅವನ ಮಗಳು ಬಾಣಂತಿ. ಹೊಸ್ತಿಲು ದಾಟಿದ್ದೇ ತಡ, ಅದೇ ವಾಸನೆ. ಅರವತ್ತು ದಾಟಿದವಳು ನಾನು, ಎಂಟು ವರ್ಷದವಳಾಗಿ ನಿಂತುಬಿಟ್ಟೆ.

ಆ ವಾಸನೆ ನಮ್ಮ ಸೂಲಗಿತ್ತಮ್ಮನದು. ನ್ಯಾಮತಿಯಲ್ಲಿ ನಮ್ಮ ಅಜ್ಜಿಯ ಮನೆಯ ಹಿತ್ತಲಿಗೆ ಅಂಟಿಕೊಂಡೇ ಆಕೆಯ ಮನೆ. ನಡುವೆ ಒಂದು ಮೋಟು ಗೋಡೆ. ಓಣಿಯ ಅರ್ಧ ಜನ ಈ ಲೋಕಕ್ಕೆ ಬಂದದ್ದು ಆಕೆಯ ಕೈಯಲ್ಲೇ. ಅವ್ವನನ್ನು ಹಿಡಿದವಳೂ ಆಕೆ, ನನ್ನನ್ನು ಹಿಡಿದವಳೂ ಆಕೆ. ತಮ್ಮ ಹುಟ್ಟಿದಾಗ ಅವ್ವ ಬಾಣಂತನಕ್ಕೆ ಅಲ್ಲಿಗೇ ಬಂದಿದ್ದಳು. ಬೇರೆಯವರ ಕೈಗೆ ಕೂಸು ಕೊಟ್ಟರೆ ಕಣ್ಣು ಮುಚ್ಚದ ಅವ್ವ, ಸೂಲಗಿತ್ತಮ್ಮ ಕೋಣೆಯೊಳಗೆ ಕೂತರೆ ಮಾತ್ರ ನೆಮ್ಮದಿಯಾಗಿ ನಿದ್ದೆಹೋಗುತ್ತಿದ್ದಳು.

ಒಂದು ಮಧ್ಯಾಹ್ನ ಹಾಗೇ ಅವ್ವ ಮಲಗಿದ್ದಳು. ಸೂಲಗಿತ್ತಮ್ಮ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಓಣಿಯಲ್ಲಿ ಯಾರದೋ ಸೈಕಲ್ ಕಳುವಾಗಿ, ಅಜ್ಜನನ್ನು ವಿಚಾರಿಸಲು ಪೊಲೀಸಿನವನೊಬ್ಬ ಬಂದ. ಜಗುಲಿಯ ಕಲ್ಲಿನ ಮೇಲೆ ಬೂಟಿನ ಸದ್ದು ಟಕಟಕ ಅಂತು. ಆ ಮುದುಕಿಯ ಮುಖದಲ್ಲಿ ರಕ್ತವೇ ಇಲ್ಲವಾಯಿತು. ಕಣ್ಣು ಬಾಗಿಲ ಮೇಲೆ ನೆಟ್ಟಿತ್ತು. ಕೈ ಮಾತ್ರ ತನ್ನ ಪಾಡಿಗೆ ತಾನು ಹರಿದು ಹೋಗಿ ಕೂಸಿನ ತೊಡೆ ಹಿಡಿದು ಚಿವುಟಿತು... ಕೂಸು ಕಿಟಾರನೆ ಕಿರುಚಿತು. ಅವ್ವ ಎದ್ದು ಕೂತಳು. ಹಸಿವಿರಬೇಕು ಅಂದಳು ಸೂಲಗಿತ್ತಮ್ಮ. ನಾನು ಬಾಗಿಲ ಸಂದಿಯಿಂದ ಎಲ್ಲ ನೋಡಿದ್ದೆ.

ಕೂಸುಗಳ ರಕ್ತ ಹೀರುವ ಮುದುಕಿಯರ ಕಥೆ ಕೇಳಿ ಬೆಳೆದವಳು ನಾನು. ಯಾರಿಗಾದರೂ ಹೇಳಿದರೆ ಆಕೆ ನನ್ನನ್ನೇ ಹಿಡಿದುಕೊಂಡರೆ? ಮಜ್ಜಿಗೆ ಕಡೆಯುವ ಕಡಗೋಲು ಹಿಡಿದು ತೊಟ್ಟಿಲ ಪಕ್ಕ ಕೂತೆ. ಉಣ್ಣಲು ಕರೆದರೂ ಏಳಲಿಲ್ಲ. ಆಕೆ ಬಂದರೆ ಕಡಗೋಲು ಎತ್ತುತ್ತಿದ್ದೆ.

ಸಂಜೆ ಆಕೆ ನನ್ನನ್ನು ಬಚ್ಚಲ ಒಲೆಯ ಹತ್ತಿರ ಕೂರಿಸಿಕೊಂಡಳು. ನೀನು ನೋಡಿದೆ ಅಲ್ವಾ ಅಂದಳು. ಆಗ ಹೇಳತೊಡಗಿದಳು.

ಬಿಳಿಯರ ರಾಜ್ಯ ಇನ್ನೂ ಇದ್ದ ಕಾಲ. ಚಳುವಳಿ ಜೋರಾಗಿತ್ತಂತೆ. ಜಗಳೂರು ಕಡೆ ಬಿಳಿಚೋಡಿನವಳೊಬ್ಬ ಹುಡುಗಿ, ಇನ್ನೂ ಮದುವೆಯಾಗಿರಲಿಲ್ಲ, ಊರೂರು ತಿರುಗಿ ಹೆಂಗಸರನ್ನು ಬಾವಿಕಟ್ಟೆಯ ಮೇಲೆ ಕೂಡಿಸಿಕೊಂಡು ಮಾತಾಡುತ್ತಿದ್ದಳು. ಹೆಂಡದಂಗಡಿ ಮುಂದೆ ಅಡ್ಡ ಕೂರಿ, ಎಲ್ಲ ಜಾತಿಯವರೂ ಒಂದೇ ಬಾವಿಯಲ್ಲಿ ನೀರು ಸೇದಲಿ, ಪರದೇಶಿ ಬಟ್ಟೆ ಉಡಬೇಡಿ ಅಂತ. ಸರ್ಕಾರದ ವಿರುದ್ಧದ ಕರಪತ್ರಗಳೂ ಆಕೆಯ ಬಳಿ ಇದ್ದವು. ಚನ್ನಗಿರಿಯಲ್ಲಿ ಪೊಲೀಸರು ಬೆನ್ನು ಹತ್ತಿದರು. ಸಾಸ್ವೆಹಳ್ಳಿ ಹತ್ತಿರ ಹರಿಗೋಲಿನಲ್ಲಿ ಹೊಳೆ ದಾಟಿ, ನಡೆದು ನಡೆದು ನ್ಯಾಮತಿಗೆ ಬಂದು ಬಿದ್ದದ್ದು ಸೂಲಗಿತ್ತಮ್ಮನ ಮನೆಯಲ್ಲಿ.

ಬಾಣಂತಿ ಕೋಣೆಗೆ ಮೈಲಿಗೆ. ಪುಣ್ಯಾಹ ಆಗುವವರೆಗೆ ಹೊರಗಿನ ಗಂಡಸು ಹೊಸ್ತಿಲು ತುಳಿಯುವುದಿಲ್ಲ. ಪೊಲೀಸಿನವನಾದರೂ ಅಷ್ಟೆ, ಅವನೂ ಈ ಸೀಮೆಯವನೇ ತಾನೆ. ಸೂಲಗಿತ್ತಮ್ಮ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದಳು, ಲೋಬಾನ ಹಾಕಿದಳು, ಹುಡುಗಿಯ ತಲೆಗೆ ಕಿವಿ ಮುಚ್ಚುವ ಹಾಗೆ ಬಟ್ಟೆ ಕಟ್ಟಿ ಮಲಗಿಸಿದಳು. ಕರಪತ್ರಗಳನ್ನು ಹೊಟ್ಟೆಯ ಮೇಲಿಟ್ಟು, ಬಾಣಂತಿಯರಿಗೆ ಬಿಗಿಯುವ ಹಾಗೇ ಹಳೇ ಸೀರೆಯಿಂದ ಬಿಗಿದಳು. ಕೇಳಿದವರಿಗೆ, ಅಕ್ಕನ ಮಗಳು ಹೆರಿಗೆಗೆ ಬಂದವಳೆ ಅಂದಳು. ಎಲ್ಲ ಮಾಡಿದವಳು ಒಂದನ್ನು ಮರೆತಿದ್ದಳು. ಸಾವಿರ ಕೂಸು ಹಿಡಿದ ಸೂಲಗಿತ್ತಿಗೆ ಕೂಸೇ ನೆನಪಾಗಲಿಲ್ಲ. ಅದು ನೆನಪಾದದ್ದು ಪೊಲೀಸ್ ಜಮೇದಾರ ಅಜ್ಜನ ಜಗುಲಿಗೆ ಬಂದು ಕೂತ ಮೇಲೆ. ಅಜ್ಜ ಊರಿನ ಪಟೇಲ, ಜಮೇದಾರ ಯಾವಾಗ ಬಂದರೂ ಮೊದಲು ಅಲ್ಲೇ ಮಜ್ಜಿಗೆ ಕುಡಿಯುವುದು. ಆಮೇಲೆ ಮನೆ ಮನೆ ಹುಡುಕುವುದು.

ಸೂಲಗಿತ್ತಮ್ಮ ಹಿತ್ತಲಿಂದ ಅಜ್ಜಿಯ ಮನೆಗೆ ಓಡಿದಳು. ನಮ್ಮಜ್ಜಿ ಹನ್ನೊಂದು ದಿನದ ಬಾಣಂತಿ. ಎದೆಯಲ್ಲಿದ್ದ ಕೂಸು ನನ್ನ ಅವ್ವ. ಜೀವ ಉಳೀಬೇಕು, ಕೂಸು ಕೊಡವ್ವ ಅಂದದ್ದಷ್ಟೆ. ಅಜ್ಜಿ ಯಾರ ಜೀವ ಅಂತಲೂ ಕೇಳದೆ ಎದೆಯಿಂದ ಬಿಡಿಸಿ ಕೊಟ್ಟಳಂತೆ.

ಜಮೇದಾರ ಬಂದ. ಬೇವಿನ ಸೊಪ್ಪು ನೋಡಿ ಹೊಸ್ತಿಲಾಚೆಯೇ ನಿಂತ. ಹೋಗುವವನು ಹೋಗಲಿಲ್ಲ.

"ಬಾಣಂತಿ ಕ್ವಾಣೆ ಅಂತೀಯ. ಕೂಸಿನ ಸದ್ದೇ ಇಲ್ವಲ್ಲಮ್ಮ?"

ಹೊಟ್ಟೆ ತುಂಬ ಹಾಲು ಕುಡಿದ ಕೂಸು, ಸೊಕ್ಕಿ ಮಲಗಿತ್ತು. ಸೂಲಗಿತ್ತಮ್ಮ ಚಿವುಟಿದಳು. ಮಿಸುಕಲಿಲ್ಲ. ಅವನು ಒಂದು ಕಾಲು ಮುಂದಿಟ್ಟ. ಉಗುರು ನಾಟುವ ಹಾಗೆ ಹಿಡಿದು ತಿರುಚಿದಳು... ಕೂಸು ಅತ್ತ ಅಳುವಿಗೆ ಅವನು ಹಿಂದೆ ಸರಿದ. ಹೋಗಿ ಕಾಲಿಗೆ ನೀರು ಹಾಕಿಕೊಂಡ.

ಹುಡುಗಿ ಮಾರನೇ ದಿನ ಹೊನ್ನಾಳಿ ಸಂತೆಗೆ ಹೋಗುವ ಹೆಂಗಸರ ಜೊತೆ, ತಲೆಯ ಬಟ್ಟೆ ಬಿಚ್ಚದೆಯೇ ಹೊರಟುಹೋದಳು. ಆಮೇಲೆ ಏನಾದಳೋ, ಸುದ್ದಿಯೇ ಬರಲಿಲ್ಲ.

ಇದಿಷ್ಟು ಹೇಳಿ ಸೂಲಗಿತ್ತಮ್ಮ ತನ್ನ ಕೈ ನೋಡಿಕೊಂಡಳು. "ಸ್ವಾತಂತ್ರ್ಯ ಬಂತು ಅಂತ ನಂಗೆ ಗೊತ್ತೈತೆ ಮಗಾ. ಈ ಕೈಗೆ ಗೊತ್ತಿಲ್ಲ. ಬೂಟಿನ ಸದ್ದು ಕೇಳಿದ್ರೆ ಹಿಂಗೆ ಮಾಡ್ತೈತೆ. ಇದಕ್ಕೆ ಹೆಂಗೆ ತಿಳಿಸಿ ಹೇಳಾಕೆ ಬರ್ತೈತೆ?" ನಿಮ್ಮವ್ವಗೆ ಹೇಳಬೇಡ ಅಂದಳು. ನನ್ನನ್ನು ನಂಬಿ ನಿದ್ದೆ ಮಾಡ್ತಾಳೆ. ಕೂಸು ಚಿವುಟುವ ಮುದುಕಿ ಅಂತ ಒಂದು ಮಾತು ಹಬ್ಬಿದರೆ ನನ್ನನ್ನು ಯಾರೂ ಮನೆಗೆ ಸೇರಿಸಲ್ಲ...

ನಮ್ಮಜ್ಜಿ ತನ್ನ ಪಾಲಿನದನ್ನು ಹೇಳಿದ್ದು ಎಷ್ಟೋ ವರ್ಷದ ಮೇಲೆ, ಅದೂ ಒಂದೇ ಸಲ. "ಗ್ವಾಡೆ ಆಚೆ ನನ್ನ ಕೂಸು ಚೀರ್ತಿತ್ತು. ಹಾಲು ತಾನೇ ಇಳಿದು ಸೀರೆ ತೋಯ್ತು. ಸೆರಗು ಬಾಯಾಗೆ ತುರುಕ್ಕಂಡು ನಿಂತಿದ್ದೆ. ಈ ಕಡೆ ಜಗುಲಿ ಮ್ಯಾಲೆ ನಿಮ್ಮಜ್ಜ ಅಡಿಕೆ ಕತ್ತರಿಸ್ತಿದ್ರು." ಅಜ್ಜನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಬಚ್ಚಲ ಒಲೆಯ ಹತ್ತಿರ ಕೂತ ಆ ಸಂಜೆಯ ಮಾರನೇ ಬೆಳಿಗ್ಗೆ ಸೂಲಗಿತ್ತಮ್ಮ ಕಾಲು ಚಾಚಿ ಕೂಸಿಗೆ ನೀರು ಹಾಕುತ್ತಿದ್ದಳು. ಅವ್ವ ಬಗ್ಗಿ ನೋಡಿದಳು. ತೊಡೆಯ ಮೇಲೆ ನೀಲಿ ಕಲೆ. ಇದೇನು ಅಂದಳು. ಚೊಂಬು ಹಿಡಿದ ಕೈ ಗಾಳಿಯಲ್ಲೇ ನಿಂತಿತು. ಮುದುಕಿ ನನ್ನ ಕಡೆ ನೋಡಲಿಲ್ಲ, ನೋಡಿದ್ದರೆ ನಾನು ಬಹುಶಃ ಸುಮ್ಮನಿರುತ್ತಿದ್ದೆ.

ನಾನೇ ಚಿವುಟಿದೆ ಅಂದೆ.

ಕಪಾಳಕ್ಕೆ ಬಿತ್ತು. ಕಣ್ಣಲ್ಲಿ ನೀರು ತುಂಬಿ ಎಲ್ಲ ಮಸುಕಾಗಿತ್ತು, ಆದರೂ ಚೊಂಬಿನ ನೀರು ಮತ್ತೆ ಧಾರೆಯಾಗಿ ಕೂಸಿನ ಮೇಲೆ ಬೀಳುವ ಸದ್ದು ಕೇಳಿಸಿತು.

ಅಂದಿನಿಂದ ಅದು ನಮ್ಮ ಮನೆಯ ನಗೆಯ ಕಥೆ. ತಮ್ಮ ಹುಟ್ಟಿದ್ದಕ್ಕೆ ಅಕ್ಕನಿಗೆ ಹೊಟ್ಟೆಕಿಚ್ಚು, ಹಸುಗೂಸನ್ನು ಚಿವುಟಿದ್ದಳು ಅಂತ ಅವ್ವ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. ನಾನು ಹೈಸ್ಕೂಲಿನಲ್ಲಿದ್ದಾಗಲೇ ಸೂಲಗಿತ್ತಮ್ಮ ಹೋದಳು. ಆಮೇಲಾದರೂ ಹೇಳಬಹುದಿತ್ತು. ಎಷ್ಟೋ ಸಲ ಬಾಯಿಯವರೆಗೆ ಬಂತು. ಮುದುಕಿ ಹೇಳಬೇಡ ಅಂದ ಮಾತು ಅಡ್ಡ ನಿಲ್ಲುತ್ತಿತ್ತು... ಎರಡು ವರ್ಷದ ಹಿಂದೆ ಅವ್ವನೂ ಹೋದಳು, ತನ್ನ ಒಂದು ಅಳು ಯಾರನ್ನು ಉಳಿಸಿತು ಎಂದು ತಿಳಿಯದೆಯೇ.

ಹೋದ ತಿಂಗಳು ಚನ್ನಗಿರಿಯಲ್ಲಿ ನಾನು ತೊಟ್ಟಿಲಿಗೆ ಬಗ್ಗಿದಾಗ ತಮ್ಮ ಮಗಳಿಗೆ, "ಹುಷಾರು, ನಿಮ್ಮತ್ತೆ ಚಿವುಟ್ತಾಳೆ" ಅಂದ. ಎಲ್ಲ ನಕ್ಕರು, ನಾನೂ ನಕ್ಕೆ. ಅಷ್ಟರಲ್ಲಿ ಹೊರಗೆ ಕಲ್ಲಿನ ಮೇಲೆ ಬೂಟಿನ ಸದ್ದು. ಕೊರಿಯರ್‌ನವನು. ನಾನೊಬ್ಬಳೇ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತೆ.

ಕೂಸು ಏಳಲಿಲ್ಲ. ಬಾಗಿಲು ತೆರೆದೇ ಇತ್ತು.