ಟೀವಿಯ ಮೇಲಿನ ಅಟ್ಯಾಕ್ ಹೆಲಿಕಾಪ್ಟರ್

ನಾನು ಅಂಜುಬುರುಕ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನನ್ನನ್ನು ಬಲ್ಲವರು ಹೇಗೂ ನಿಮಗೆ ಹೇಳುತ್ತಾರೆ. ಕುಕ್ಕರಿನ ಮೂರನೆಯ ಸೀಟಿಗೆ ನಾನು ಅಡುಗೆಮನೆಯಿಂದ ದೂರ ಸರಿಯುತ್ತೇನೆ. ಸಿಟಿ ಬಸ್ಸಿನಲ್ಲಿ ಚೆಕಿಂಗಿನವರು ಹತ್ತಿದರೆ, ಟಿಕೆಟ್ ಕೈಯಲ್ಲಿದ್ದರೂ ಎದೆ ಡವಡವ ಎನ್ನುತ್ತದೆ. ಇವೆಲ್ಲ ಊರಿಗೇ ಗೊತ್ತಿರುವ ಸಂಗತಿ. ಆದರೆ ಗೇಣುದ್ದದ ಒಂದು ಆಟಿಕೆಗೆ ಆರು ತಿಂಗಳು ಹೆದರಿ ಬದುಕಿದ್ದನ್ನು ಮಾತ್ರ ಈವರೆಗೆ ಯಾರಿಗೂ ಹೇಳಿಲ್ಲ.

ಆಟಿಕೆ ಎಂದರೆ ನನ್ನ ಹೆಂಡತಿಯ ತಮ್ಮ ಮಹಾದೇವನಿಗೆ ಸಿಟ್ಟು ಬರುತ್ತದೆ. ಅವನು ಆಗ ವಾಯುಸೇನೆಯಲ್ಲಿ ಹೆಲಿಕಾಪ್ಟರ್ ಮೆಕ್ಯಾನಿಕ್. ತಾನು ದಿನವೂ ಬಿಚ್ಚಿ ಜೋಡಿಸುವ ಹೆಲಿಕಾಪ್ಟರಿನದೇ ಒಂದು ಲೋಹದ ಮಾದರಿಯನ್ನು ದಿಲ್ಲಿಯ ಯಾವುದೋ ಅಂಗಡಿಯಲ್ಲಿ ಹುಡುಕಿ, ದಸರೆಯ ರಜೆಗೆ ಬಂದಾಗ ಬೆಳಗಾವಿಯ ರಾಮತೀರ್ಥ ನಗರದ ನಮ್ಮ ಮನೆಗೆ ತಂದ.

"ಇದು ಹುಡುಗರ ಆಟಗಿ ಸಾಮಾನಲ್ಲ ಮಾಮಾ. ಶೋಕಿ ಇದ್ದವ್ರು ಕೂಡಿಸಿ ಇಡೂ ಮಾಲು. ಖರೇ ಹೆಲಿಕಾಪ್ಟರ್ ಎಷ್ಟೈತಿ, ಅದರ ಎಪ್ಪತ್ತೆರಡರಾಗ ಒಂದ ಪಾಲು," ಎನ್ನುತ್ತ ಟೀವಿಯ ಮೇಲೆ ಇಟ್ಟ.

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅದೇ ಪ್ರಮಾಣದಲ್ಲಿ ನನ್ನನ್ನು ಇಳಿಸಿದರೆ ಒಂದು ಇಂಚೂ ಆಗುವುದಿಲ್ಲ. ಅದರ ಮೂತಿಯ ಬಂದೂಕು ನಾನು ಪೇಪರ್ ಓದುವ ಕುರ್ಚಿಗೆ ನೇರ ಗುರಿ ಇಟ್ಟಿತ್ತು. ಮಹಾದೇವ ಅತ್ತ ತಿರುಗಿದೊಡನೆ ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದುಕೊಂಡೆ.

ಹಬ್ಬಕ್ಕೆಂದು ನಂದಗಡದಿಂದ ಅತ್ತೆಯವರೂ ಬಂದಿದ್ದರು. ಮಗ ಹೆಮ್ಮೆಯಿಂದ, "ಅವ್ವಾ, ಇದು ಅಟ್ಯಾಕ್ ಹೆಲಿಕಾಪ್ಟರ್," ಎಂದ. ಅಷ್ಟರಲ್ಲಿ ಗೆಳೆಯನೊಬ್ಬ ಹೊರಗೆ ಸ್ಕೂಟರಿನ ಹಾರ್ನ್ ಬಾರಿಸಿದ್ದಕ್ಕೆ ಎದ್ದು ಹೋದ. ಅತ್ತೆಯವರು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಹಳ ಹೊತ್ತು ನೋಡಿದರು. ಕಣ್ಣು ತುಂಬಿಬಂತು.

"ಅಟ್ಯಾಕ್ ಆದವ್ರನ್ನ ಒಯ್ಯಾಕ ಇಂಥಾವೂ ಅದಾವ ಅಂದಂಗಾತು. ಅವತ್ತ ಇಂಥಾದ್ದೊಂದು ಇದ್ದಿದ್ರ ನಿಮ್ಮ ಮಾವಾರು ಉಳೀತಿದ್ರು ಅಳಿಯಂದ್ರ," ಎಂದರು.

ಮಾವನವರಿಗೆ ಎದೆನೋವು ಬಂದಾಗ ನಂದಗಡದಿಂದ ಬೆಳಗಾವಿಗೆ ಟೆಂಪೋದಲ್ಲಿ ಮಲಗಿಸಿಕೊಂಡು ಹೊರಟಿದ್ದರು. ಖಾನಾಪುರ ದಾಟುವಷ್ಟರಲ್ಲಿ ಅವರು ಇರಲಿಲ್ಲ. ಅಂದಿನಿಂದ ಅತ್ತೆಯವರಿಗೆ ಅಟ್ಯಾಕ್ ಎಂಬ ಶಬ್ದಕ್ಕೆ ಇದ್ದದ್ದು ಒಂದೇ ಅರ್ಥ.

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಶಬ್ದ ಕಂಡಲ್ಲಿ ನಿಲ್ಲುವುದು ನನ್ನ ಚಟ. ನಮ್ಮ ಮನೆಗಳಿಗೆ ಬಂದ ಎಷ್ಟೋ ಇಂಗ್ಲಿಷ್ ಶಬ್ದಗಳು ಆಸ್ಪತ್ರೆಯ ಬಾಗಿಲಿನಿಂದಲೇ ಬಂದಿವೆ. ಡೆಲಿವರಿ ಎಂದರೆ ಹೆರಿಗೆ, ಪಾರ್ಸಲ್ಲಿನ ಮಾತೇ ಇಲ್ಲ. ಸೀರಿಯಸ್ ಎಂದರೆ ಗಂಭೀರ ಸ್ವಭಾವವಲ್ಲ, ನೆಂಟರಿಗೆ ಫೋನ್ ಮಾಡುವ ಹೊತ್ತು. ಸಾಹಿತ್ಯ ಸಭೆಯಲ್ಲಿ ಒಬ್ಬರನ್ನು 'ಬಹಳ ಸೀರಿಯಸ್ ಲೇಖಕರು' ಎಂದು ನಾನು ಪರಿಚಯಿಸಿದಾಗ, ಹಿಂದಿನ ಸಾಲಿನ ಅಜ್ಜಿಯೊಬ್ಬರು ಲೊಚಗುಟ್ಟಿದ್ದರು. ಹೀಗಿರುವಾಗ ಅಟ್ಯಾಕ್ ಎಂದರೆ ದಾಳಿ ಎಂದು ಅತ್ತೆಯವರಿಗೆ ನಿಘಂಟು ತೆಗೆದು ತೋರಿಸುವುದು ಹೇಗೆ?

ಅವರು ರೆಕ್ಕೆಯ ಕೆಳಗಿನ ದಪ್ಪ ಕೊಳವೆಗಳನ್ನು ಸವರುತ್ತ, "ಇವು ಆಕ್ಸಿಜನ್ ಸಿಲಿಂಡರ್ ಹೌದಲ್ರಿ?" ಎಂದು ಕೇಳಿದರು.

ಅವು ರಾಕೆಟ್ ತುಂಬುವ ಕೊಳವೆಗಳು. ನಾನು "ಹೌದ್ರಿ ಅತ್ತಿ," ಎಂದೆ.

ಡಿಸೆಂಬರಿನಲ್ಲಿ ದೇಶದ ಗಡಿಯ ಎರಡೂ ಕಡೆ ಸೈನ್ಯಗಳು ಎದುರುಬದುರಾಗಿ ನಿಂತವು. ಮಹಾದೇವನ ತುಕಡಿಯೂ ಎಲ್ಲಿಗೋ ಹೋಯಿತು. ಎಲ್ಲಿಗೆಂದು ಅವನು ಹೇಳುವಂತಿರಲಿಲ್ಲ. ಅಂದಿನಿಂದ ನನ್ನ ಹೆದರಿಕೆ ಎರಡಾಯಿತು. ಹುಡುಗನಿಗೆ ಏನಾದರೂ ಆದೀತು ಎಂಬುದು ಒಂದು. ಮಗ ರೋಗಿಗಳನ್ನು ಸಾಗಿಸುವ ಪುಣ್ಯದ ಕೆಲಸದಲ್ಲಿದ್ದಾನೆ, ಅಂಥವರ ಮೇಲೆ ಯಾರೂ ಗುಂಡು ಹಾರಿಸುವುದಿಲ್ಲ ಎಂದು ನೆಮ್ಮದಿಯಾಗಿರುವ ತಾಯಿಗೆ ನಿಜ ತಿಳಿದೀತು ಎಂಬುದು ಇನ್ನೊಂದು. ತಿಳಿದ ದಿನ ಅವರ ಎದೆ ತಡೆದೀತೆ? ಆ ಸುಳ್ಳು ಹೇಳಿದವನು ನಾನು.

ಬೇಸಿಗೆಯಲ್ಲಿ ಅವರು ಕಣ್ಣಿನ ಪೊರೆಯ ಆಪರೇಷನ್ನಿಗೆಂದು ಬಂದು ನಮ್ಮಲ್ಲೇ ಉಳಿದರು. ಸರಿಯಾಗಿ ಅದೇ ಹೊತ್ತಿಗೆ ಮಹಾದೇವನ ಫೋನ್ ನಿಂತುಹೋಯಿತು. ಒಂದು ವಾರವಾಯಿತು, ಮೂರು ವಾರವಾಯಿತು. ಫೋನ್ ರಿಂಗಾದರೆ ಎತ್ತಲು ಭಯ, ಆಗದಿದ್ದರೆ ಇನ್ನೂ ಭಯ. ಊರಿನ ಮಿಲಿಟರಿ ಕ್ಯಾಂಪಿನ ಕಡೆಯಿಂದ ತಾಲೀಮಿನ ಗುಂಡಿನ ಸದ್ದು ಕೇಳಿದರೆ ನನ್ನ ಕೈಯ ಚಹಾ ತುಳುಕುತ್ತಿತ್ತು. ಬೆಳಗಿನ ಪೇಪರನ್ನು ಹಾಸಿಗೆಯ ಕೆಳಗೆ ಬಚ್ಚಿಡುತ್ತಿದ್ದೆ. ಸಂಜೆ ವಾರ್ತೆಯ ಹೊತ್ತಿಗೆ ಕೃಷಿ ಕಾರ್ಯಕ್ರಮ ಹಾಕಿ, ಎರೆಗೊಬ್ಬರದಲ್ಲಿ ಅಪಾರ ಆಸಕ್ತಿ ಇರುವವನಂತೆ ಕೂರುತ್ತಿದ್ದೆ. ಅತ್ತೆಯವರು ಕಪ್ಪು ಕನ್ನಡಕ ಹಾಕಿಕೊಂಡು ಬಾಜೂಕ್ಕೆ ಕೂತು, ನಡುನಡುವೆ, "ಸಿಲಿಂಡರ್ ತುಂಬಿಸೇ ಇಟ್ಟಿರ್ತಾರ ಅಲ್ರಿ?" ಎಂದು ಕೇಳುತ್ತಿದ್ದರು. "ಫುಲ್ ತುಂಬಿರ್ತಾವ್ರಿ," ಎಂದು ನಾನು ಹೇಳುತ್ತಿದ್ದೆ. ವಿಚಿತ್ರವೆಂದರೆ ಹಾಗೆ ಹೇಳಿದಾಗಲೆಲ್ಲ ನನಗೇ ಸ್ವಲ್ಪ ಹಗುರಾಗುತ್ತಿತ್ತು.

ಒಂದು ಸಂಜೆ ನಾನು ಕಾಲೇಜಿನಿಂದ ಬರುವುದು ತಡವಾಯಿತು. ಒಳಗೆ ಕಾಲಿಟ್ಟರೆ ಟೀವಿಯಲ್ಲಿ ವಾರ್ತೆ. ಮರಳುಗಾಡಿನಲ್ಲಿ ಸೈನ್ಯದ ತಾಲೀಮು ತೋರಿಸುತ್ತಿದ್ದರು. ಟೀವಿಯ ಮೇಲಿದ್ದದ್ದೇ ಟೀವಿಯ ಒಳಗೂ ಹಾರುತ್ತಿತ್ತು, ಎಪ್ಪತ್ತೆರಡು ಪಟ್ಟು ದೊಡ್ಡದಾಗಿ. ನೋಡುತ್ತಿದ್ದಂತೆ ಅದರ ಆಕ್ಸಿಜನ್ ಸಿಲಿಂಡರುಗಳಿಂದ ಬೆಂಕಿ ಹೊರಟಿತು.

ಟೀವಿ ಆರಿಸಲು ನಾನು ಚಪ್ಪಲಿ ಸಮೇತ ಓಡಿದೆ. ಕಾಲು ಚಾಪೆಗೆ ಸಿಕ್ಕು, ಕೈ ಮಾದರಿಗೆ ತಗುಲಿ, ಅದು ನೆಲಕ್ಕೆ ಬಿತ್ತು. ಒಂದು ಕೊಳವೆ ಮುರಿದು ಉರುಳುತ್ತ ಅತ್ತೆಯವರ ಕಾಲ ಬಳಿ ನಿಂತಿತು. ಇದು ಬೇರೆ ಹೆಲಿಕಾಪ್ಟರ್, ನಮ್ಮದು ಹೀಗಲ್ಲ ಎಂದೇನೋ ತೊದಲಿದೆ.

ಅತ್ತೆಯವರು ಬಗ್ಗಿ ಕೊಳವೆಯನ್ನು ಎತ್ತಿಕೊಂಡು, ಸೆರಗಿನಿಂದ ಒರೆಸಿದರು.

"ಕುಂದರ್ರಿ ಅಳಿಯಂದ್ರ. ನನಗ ದಸರಾ ಮುಗಿಸಿ ಊರಿಗೆ ಹೋದ ವಾರದಾಗ ಗೊತ್ತಾತು. ಗಿರಣ್ಯಾಗ ಹಿಟ್ಟು ಬೀಸಾಕ ಹೋದಾಗ ರಿಟಾಯರ್ ಆದ ಹವಾಲ್ದಾರ್ ಒಬ್ರು ಎಲ್ಲಾ ಬಿಡಿಸಿ ಹೇಳಿದ್ರು."

"ಮತ್ತ ಇಷ್ಟ ದಿನ ಸಿಲಿಂಡರ್, ಸಿಲಿಂಡರ್ ಅಂತ ಕೇಳತಿದ್ರಲ್ಲ?"

"ನೀವು ಮೊದಲ ಅಂಜೂ ಮನಶ್ಯಾ. ಪೇಪರ್ ಹಾಸಿಗಿ ಬುಡಕ ಇಡತೀರಿ, ಎರಿಗೊಬ್ಬರ ನೋಡತೀರಿ. ನನಗ ಗೊತ್ತೈತಿ ಅಂತ ತಿಳದ್ರ ನಿಮಗ ಅಟ್ಯಾಕ್ ಆದೀತಂತ ಸುಮ್ಮನಿದ್ದೆ."

ನಾನು ಚಪ್ಪಲಿ ಬಿಚ್ಚಿ ಕೂತೆ. "ನಿಮಗ ಅಂಜಿಕಿ ಆಗಲಿಲ್ಲೇನ್ರಿ ಅತ್ತಿ?" ಎಂದು ಕೇಳಿದೆ.

"ಯಾಕ ಆಗೂದಿಲ್ರಿ? ಹೆತ್ತ ಹೊಟ್ಟಿ. ಆದ್ರ ಇಬ್ರೂ ಅಂಜಿಕೊಂಡು ಕುಂತ್ರ ಚಾ ಮಾಡವ್ರ ಯಾರು?" ಎಂದು ಎದ್ದು ಒಳಗೆ ಹೋದರು. ಚಹಾದ ಬೋಗುಣಿ ಇಡುವಾಗ ಅದು ಒಲೆಯ ಮೇಲೆ ಖಡಖಡ ಎಂದದ್ದು ಹೊರಗಿನ ಕೋಣೆಗೂ ಕೇಳಿಸಿತು.

ಐದು ದಿನ ಬಿಟ್ಟು ಫೋನ್ ಬಂತು. ಲೈನ್ ಸಿಕ್ಕಿರಲಿಲ್ಲ, ಅಷ್ಟೇ. ದೀಪಾವಳಿಗೆ ಮಹಾದೇವನೇ ಬಂದ. ಟೀವಿಯ ಮೇಲಿನ ಮಾದರಿಯನ್ನು ನೋಡಿದವನೇ, "ಈ ಕೊಳವಿ ಯಾರು ಹಿಂದ ಮುಂದ ಮಾಡಿ ಅಂಟಿಸ್ಯಾರ?" ಎಂದು ಹುಬ್ಬು ಗಂಟಿಕ್ಕಿದ. ಅಂಟಿಸಿದವನು ನಾನು, ಅಂಟು ಒಣಗುವವರೆಗೆ ಒತ್ತಿ ಹಿಡಿದವರು ಅತ್ತೆಯವರು.

"ಆಕ್ಸಿಜನ್ ಮುಗದಿತ್ತಪಾ, ಸಿಲಿಂಡರ್ ಬದಲಿ ಮಾಡೇವಿ," ಎಂದು ಅವರು ನನ್ನ ಕಡೆ ನೋಡದೆ ಹೇಳಿದರು.

ಮಹಾದೇವನಿಗೆ ಅರ್ಥವಾಗಲಿಲ್ಲ. ಇಂದಿಗೂ ಅವನು ಬಂದಾಗಲೆಲ್ಲ ಅದನ್ನು ಸರಿಯಾಗಿ ಕೂರಿಸಿಕೊಡುತ್ತೇನೆ ಎನ್ನುತ್ತಾನೆ. ನಾನು ಮುಟ್ಟಗೊಡುವುದಿಲ್ಲ. ಆ ಬೇಸಿಗೆಯಲ್ಲಿ ಅತ್ತೆಯವರೂ ನಾನೂ ಉಸಿರಾಡಿದ್ದು ಅದರಿಂದಲೇ.